ರಷ್ಯಾದ ಎರಡು ಹುಲಿಗಳು

ಅಲ್ ಹಿಲಾಲ್, ದೋಹಾ
ಶನಿವಾರ, ನವೆಂಬರ್ 15, 2025

ಪ್ರೀತಿಯ ಅಪ್ಪಾ,

ಇಲ್ಲ, ಅರ್ಧಕ್ಕೇ ಆಟ ಬಿಟ್ಟದ್ದಕ್ಕೆ ನಮ್ಮ ತಂಡದ ಯೋನಾಸ್ ಕೈಯಲ್ಲಿ ನಾನು ಕ್ಷಮೆ ಕೇಳಿಸುವುದಿಲ್ಲ. ನಿನ್ನೆ ಫೋನಿನಲ್ಲಿ ಇಷ್ಟು ಹೇಳುವಷ್ಟರಲ್ಲಿ ನೀವು ಕಟ್ ಮಾಡಿದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ಹೇಳಿ, ಮೊಣಕಾಲು ಹೇಗಿದೆ? ಮಂಗಳೂರಿನ ಡಾಕ್ಟ್ರು ನಡೆಯಲು ಬಿಟ್ಟರಾ? ಮೆಟ್ಟಿಲು ಹತ್ತಬೇಡಿ ಅಂತ ಇಲ್ಲಿ ಅಮ್ಮ ದಿನಾ ಹೇಳುತ್ತಾರೆ, ನೀವು ಕೇಳುವುದಿಲ್ಲ ಅಂತ ಅವರಿಗೂ ಗೊತ್ತು.

ನಮ್ಮ ಕಾಮೆಂಟರಿ ತನಿಯಣ್ಣ ನಿಮಗೆ ಅರ್ಧ ಕಥೆ ಹೇಳಿದ್ದಾರೆ. ಊರಿನ ಟೂರ್ನಮೆಂಟಿನ ಹಾಗೆ ಇಲ್ಲೂ ತಂಡಕ್ಕೆ ಇಬ್ಬರು ಹೊರಗಿನ ಆಟಗಾರರನ್ನು ತರಬಹುದಲ್ಲ, ನಮ್ಮ ವಾಲಿಬಾಲ್ ಚಾಟ್ ಗ್ರೂಪಿನಿಂದ ರಷ್ಯಾದ ಅಂತೋನ್, ಲಿಥುವೇನಿಯಾದ ಯೋನಾಸ್ ಇಬ್ಬರನ್ನೂ ನಾನೇ ಕರೆತಂದೆ. "ಆಡುತ್ತೇನೆ, ಅವನ ಜೊತೆ ಮಾತಾಡಿಸಬೇಡ" ಅಂತ ಯೋನಾಸ್ ಮೊದಲೇ ಹೇಳಿದ್ದ. ಮೊದಲ ಸೆಟ್ ಗೆದ್ದೆವು ಅಪ್ಪಾ, ಅವನ ಸ್ಮ್ಯಾಶ್ ನೀವು ನೋಡಬೇಕಿತ್ತು, ಬೆಂಕಿ! ಆಗ ತನಿಯಣ್ಣ ಮೈಕಿನಲ್ಲಿ "ನೋಡಿ ಮಾರಾಯ್ರೆ, ರಷ್ಯಾದ ಎರಡು ಹುಲಿಗಳು!" ಅಂತ ಶುರು ಮಾಡಿದರು. ಓಡಿ ಹೋಗಿ ಹೇಳಿದೆ. "ಎಲ್ಲ ಒಂದೇ ಕಡೆಯವರು ಅಲ್ವಾ ಮಾರಾಯ? ಲಿಥು ಗಿಥು ಯಾರಿಗೆ ಗೊತ್ತಾಗ್ತದೆ?" ಅಂದು ಮತ್ತೆ ಅದನ್ನೇ ಕೂಗಿದರು. ಕನ್ನಡ ಬಾರದಿದ್ದರೂ ರಷ್ಯಾ ಅಂದದ್ದು ಯಾರಿಗೂ ಅರ್ಥ ಆಗ್ತದೆ. ಅಂತೋನ್ ನಕ್ಕು ಜನರತ್ತ ಕೈ ಬೀಸಿದ. ಯೋನಾಸ್ ಜೆರ್ಸಿ ಬಿಚ್ಚಿ ನೆಟ್ ಮೇಲೆ ಹಾಕಿ ಹೊರಟೇಹೋದ. ಸೋತೆವು.

ಅವನ ಅಜ್ಜಿಯನ್ನು ಸಣ್ಣವಳಿದ್ದಾಗ ಆಗಿನ ಸೋವಿಯತ್ ಸರ್ಕಾರದವರು ಮನೆಮಂದಿ ಸಮೇತ ಗೂಡ್ಸ್ ರೈಲಿಗೆ ತುಂಬಿ ಸೈಬೀರಿಯಕ್ಕೆ ಕಳಿಸಿದ್ದರಂತೆ. ಅಂಥ ಮನೆಯವನನ್ನು ರಷ್ಯಾದ ಹುಲಿ ಅಂದರೆ? ಅಂತೋನ್‌ನನ್ನೂ ಬಿಡಲಿಲ್ಲ ನಾನು, ಚಾಟ್‌ನಲ್ಲಿ ಕೇಳಿದೆ. "ಅದನ್ನೆಲ್ಲ ಮಾಡಿದ್ದು ನಾನಾ? ಎಲ್ಲರೂ ನನ್ನ ಮುಖವನ್ನೇ ಯಾಕೆ ನೋಡ್ತಾರೆ?" ಅಂತ ಕಳಿಸಿದ. ಪಾಪ, ಅದೂ ಸರಿಯೇ. ಆದರೆ ಕೈ ಬೀಸಿದ್ದು ನೀನೇ ತಾನೆ ಅಂದೆ.

ಕ್ಷಮೆ ಕೇಳದಿದ್ದರೆ ಯೋನಾಸ್‌ನನ್ನು ತೆಗೆ ಅಂದಿರಿ. ತೆಗೆಯುವುದಿಲ್ಲ. ನೀವು ತಂಡದ ಅಧ್ಯಕ್ಷರು, ಬೇಕಾದರೆ ನನ್ನನ್ನೂ ತೆಗೆಯಿರಿ. ಮುಂದಿನ ಶುಕ್ರವಾರ ತನಿಯಣ್ಣ ಮೈಕಿನಲ್ಲಿ ಲಿಥುವೇನಿಯಾ ಅಂತ ಬಾಯಿ ತುಂಬ ಹೇಳಿದರೆ ಮಾತ್ರ ನಾನು ಅಂಕಣಕ್ಕೆ ಇಳಿಯುವುದು.

ಮಾತ್ರೆ ತಪ್ಪಿಸಬೇಡಿ. ಅಲ್ಲಿ ಮನೆಯಲ್ಲಿರುವ ಅಮಿತಕ್ಕನಿಗೆ ನನ್ನ ನೆನಪು ಹೇಳಿ.

ಸಿಟ್ಟಿದ್ದರೂ ನಿಮ್ಮವನೇ,
ಕೃತಿಕ್

ತಾ.ಕ.: ಅಮ್ಮ ಈಗ ನೆನಪಿಸಿದರು. ಇಲ್ಲಿನ ಸೂಕ್ ಮಾರುಕಟ್ಟೆಯಲ್ಲಿ ಅಂಗಡಿಯವ ನಿಮ್ಮನ್ನು ಕೇರಳದವರೆಂದುಕೊಂಡು "ಯಲ್ಲಾ ಮಲಬಾರಿ" ಅಂದಾಗ, ತೂಗಿಸಿದ ಖರ್ಜೂರವನ್ನು ಅಲ್ಲೇ ಬಿಟ್ಟು ಎದ್ದು ಬಂದಿರಂತಲ್ಲ. ಅವನ ಹತ್ತಿರ ನೀವು ಯಾವತ್ತು ಕ್ಷಮೆ ಕೇಳಿದಿರಿ ಅಪ್ಪಾ?