ಒಂಬತ್ತು ಗಂಟಿನ ಗೊಂಬೆ

ಅಕ್ಕಾ,

ನಿನ್ನ ಬೀರು ಖಾಲಿ ಮಾಡುವಾಗ ಆ ಅಳುವ ಗೊಂಬೆ ಸಿಕ್ಕಿತಂತೆ. ಇವತ್ತು ನಿನ್ನ ಮಗಳು ಅದನ್ನು ತಂದು ನನ್ನ ರಿಪೇರಿ ಮೇಜಿನ ಮೇಲೆ ಮಲಗಿಸಿ, “ಚಿಕ್ಕಮ್ಮಾ, ಇದು ಮತ್ತೆ ಅಳೋ ಹಾಗೆ ಮಾಡಿಕೊಡ್ತೀರಾ?” ಎಂದಳು.

ಚಿಕ್ಕಂದಿನಲ್ಲಿ ನಾನು ಹೊಟ್ಟೆ ಅದುಮಿದ್ದಕ್ಕೇ ಅದು ಮೂಕಿಯಾಯಿತೆಂದು ನೀನು ಕಂಡಕಂಡವರಿಗೆಲ್ಲ ಹೇಳಿದೆ. ನನ್ನ ಮದುವೆಯಲ್ಲಿ ನಮ್ಮ ಅತ್ತೆಯನ್ನೂ ಬಿಡಲಿಲ್ಲ. ಆ ಸಿಟ್ಟಿಗೆ ನಿನ್ನ ಮನೆಗೆ ಬರುವುದನ್ನು ಬಿಟ್ಟೆ, ಹಟಕ್ಕೆ ಗೊಂಬೆ ರಿಪೇರಿ ಕಲಿತೆ.

ಇವತ್ತು ಅದರ ಬೆನ್ನು ಬಿಚ್ಚಲು ಕತ್ತರಿ ಹಿಡಿದವಳು ಹಾಗೇ ಕೂತೆ. ಗೇಣುದ್ದದ ಹೊಲಿಗೆಗೆ ಒಂಬತ್ತು ಗಂಟು. ನಮ್ಮ ಮನೆಯಲ್ಲಿ ಹಾಗೆ ಹೊಲಿಯುತ್ತಿದ್ದವಳು ನೀನೊಬ್ಬಳೇ. ಒಳಗೆ ಅಳುವ ಡಬ್ಬಿಯೇ ಇರಲಿಲ್ಲ. ಅದರ ಜಾಗಕ್ಕೆ ನೀನು ನನ್ನ ಕೆಂಪು ಕಾಲುಚೀಲ ತುರುಕಿದ್ದೆ. ಅದು ಕಳೆದದ್ದಕ್ಕೆ ನಾನು ಅಮ್ಮನ ಕೈಲಿ ಬೇರೆ ಏಟು ತಿಂದಿದ್ದೆ, ಮಹರಾಯ್ತಿ.

ಜಗಳ ಆಡೋಣವೆಂದರೆ ನೀನಿಲ್ಲ. ಹೊಸ ಡಬ್ಬಿ ಕೂರಿಸಿ, ಕಾಲುಚೀಲವನ್ನು ಪಕ್ಕದಲ್ಲೇ ಇಟ್ಟು, ಎಣಿಸಿ ಒಂಬತ್ತು ಗಂಟು ಹಾಕಿ ಹೊಲಿದೆ. ಸಂಜೆ ನಿನ್ನ ಮಗಳು ಮಲಗಿಸಿ ನೋಡಿದಳು, ಚೆನ್ನಾಗಿಯೇ ಅತ್ತಿತು.

“ಇದನ್ನ ಕೆಡಿಸಿದ್ದು ನಿಜವಾಗ್ಲೂ ನೀವೇನಾ ಚಿಕ್ಕಮ್ಮಾ?”

“ನಾನೇ ಕಣೇ,” ಎಂದೆ. “ನಿಮ್ಮಮ್ಮ ಯಾವತ್ತಾದ್ರೂ ಸುಳ್ಳು ಹೇಳಿದ್ದುಂಟಾ?”