ಲಾಭ, ಎರಡು, ಮೂರು

ಸೊರಬ ತಾಲ್ಲೂಕು
೧೪-೧೦-೧೯೫೮

ಶಾಲಾ ಇನ್‌ಸ್ಪೆಕ್ಟರ್ ಸಾಹೇಬರಿಗೆ, ಒಂದನೇ ತರಗತಿಯ ಉಪಾಧ್ಯಾಯಿನಿಯ ನಮಸ್ಕಾರ.

ನಮ್ಮ ತರಗತಿಯ ಮೂಕಮ್ಮ ಹುಣಸೆಬೀಜಗಳನ್ನು "ಲಾಭ, ಎರಡು, ಮೂರು" ಎಂದು ಎಣಿಸಿದ್ದಕ್ಕೆ ತಾವು ನಕ್ಕು, "ದಡ್ಡಿ" ಎಂದು ಷರಾ ಬರೆದಿರಿ. ಕಣದಲ್ಲಿ ಭತ್ತ ಅಳೆಯುವಾಗ ಅವಳಪ್ಪ ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಶುಭವಾಗಲೆಂದು ಲಾಭ ಎನ್ನುತ್ತಾನೆ. ಈ ಸೀಮೆಯಲ್ಲಿ ಎಲ್ಲರೂ ಹಾಗೆಯೇ.

ತಾವು ಹೋದ ಮೇಲೆ ಹುಡುಗಿ, "ನಮ್ಮಪ್ಪ ತಪ್ಪು ಎಣಿಸ್ತಾನೇನ್ರೀ ಅಕ್ಕೋರೇ?" ಎಂದು ಅತ್ತಳು. ಇಲ್ಲ ಎಂದೆ. ಆದ್ದರಿಂದ ಆ ಷರಾದ ಕೆಳಗೆ ನಾನು ರುಜು ಹಾಕುವುದಿಲ್ಲ. ವರ್ಗ ಮಾಡುವುದಿದ್ದರೆ ಮಾಡಿ, ಟ್ರಂಕು ತುಂಬಿಟ್ಟಿದ್ದೇನೆ. ಆ ಷರಾ ಇಲ್ಲದ ಹೊಸ ಹಾಳೆಯೊಂದನ್ನು ಮಾತ್ರ ಕಳಿಸಿಕೊಡಿ.

ಈಗ ಅವಳು ಕಣದಲ್ಲಿ ಲಾಭ, ಶಾಲೆಯಲ್ಲಿ ಒಂದು ಎನ್ನುತ್ತಾಳೆ. ದಸರೆ ರಜೆ ಬರುವಷ್ಟರಲ್ಲಿ ಅವಳಿಗೆ ಎರಡು ಲೆಕ್ಕ ಬಂದಿವೆ. ತಮಗೆ ಬರುವುದು ಒಂದೇ.

ವಿಧೇಯಳೆಂದು ಈ ಸಲ ಬರೆಯುತ್ತಿಲ್ಲ.
ನಿರ್ಮಲಮ್ಮ