ಸಣ್ಣ ಇಂಜಿನ್ನಿನ ವಿಮಾನ

ಕಾಂತಣ್ಣ,

ನೀನು ತೀರಿಕೊಂಡ ಮೇಲೆ ಅಟ್ಟದಲ್ಲೇ ಇದ್ದ ನಿನ್ನ ಕೊನೆಯ ರಿಮೋಟ್ ವಿಮಾನವನ್ನ ಇವತ್ತು ಶಾಂತಿಗ್ರಾಮದ ಬಯಲಲ್ಲಿ ಹಾರಿಸಿದೆ. ನಿನ್ನ ಗೆಳೆಯ ಮೋಹನ್‌ಕುಮಾರ್ ನೋಡಿದವರೇ, "ಇಷ್ಟಗಲ ರೆಕ್ಕೆಗೆ ಇಷ್ಟು ಚಿಕ್ಕ ಇಂಜಿನ್ನಾ? ಏಳಲ್ಲ ಕಣಮ್ಮ ದಿವ್ಯಾ" ಅಂತ ತಮ್ಮ ದೊಡ್ಡ ಇಂಜಿನ್ ಕೊಟ್ಟರು. ಅದನ್ನ ಮೂತಿಗೆ ಕಟ್ಟಿ, ರೆಕ್ಕೆಯಡಿ ಬೆರಳಿಟ್ಟು ಎತ್ತಿದೆ. ಮೂತಿ ನೆಲ ನೋಡಿತು. ನಿನ್ನ ಇಂಜಿನ್ನಿಗೆ ಮಾತ್ರ ತಕ್ಕಡಿ ಥರ ಸಮ ನಿಂತಿತು.

ನಿನ್ನದನ್ನೇ ಉಳಿಸಿಕೊಂಡೆ. ವಿಮಾನ ಬಯಲೆಲ್ಲ ಓಡಿ, ಇನ್ನೇನು ಬೇಲಿ ಅನ್ನೋವಾಗ ಎದ್ದಿತು. ಎಷ್ಟು ನಿಧಾನವಾಗಿ ಹಾರಿತು ಅಂದರೆ, ನನ್ನ ಕಡೆ ತಿರುಗಿ ಬರುವಾಗ ರಿಮೋಟಿನ ಎಡಬಲ ಅದಲುಬದಲಾಗಿ ಕೈ ತಪ್ಪಿದರೂ ತಿದ್ದಿಕೊಳ್ಳೋಕೆ ಪುರುಸೊತ್ತು ಸಿಕ್ಕಿತು. ಎಂಥಾ ಲೆಕ್ಕ ಅಣ್ಣ ನಿನ್ನದು.

ಮೋಹನಣ್ಣ ಆಕಾಶ ನೋಡುತ್ತಲೇ, "ನಿಮ್ಮಣ್ಣಂಗೆ ಯಾವಾಗ್ಲೂ ಸ್ಪೀಡೇ ಬೇಕಿತ್ತು. ಇದನ್ನ್ಯಾಕೆ ಕಲಿಯೋರಿಗೆ ಮಾಡ್ದಂಗೆ ಮಾಡವ್ನೆ?" ಅಂದರು.

ಹಾರಿಸೋದು ಕಲಿಸ್ತೀನಿ ಬಾ ಅಂತ ನೀನು ಕರೆದಾಗೆಲ್ಲ ನಾನು ಮುಂದಿನ ಭಾನುವಾರ ಅಂತಿದ್ದೆನಲ್ಲ.

ನೀನು ನನಗಿಂತ ಒಂದು ಗೇಣು ಎತ್ತರ. ಅದಕ್ಕೇ ಹಾರಿಸೋ ಮುಂಚೆ, ರಿಮೋಟನ್ನ ಕತ್ತಿಗೆ ತೂಗುಹಾಕೋ ಪಟ್ಟಿ ಗಿಡ್ಡ ಮಾಡೋಕೆ ಹೋಗಿದ್ದೆ. ಅದು ಮೊದಲೇ ನನ್ನ ಅಳತೆಗಿತ್ತು.